ಬಾಳೂರಿನ ಐತಿಹಾಸಿಕ ಕ್ಷಣ

ಸಿಡಿಲು ಟಿವಿಯವರಿಗೆ ಇಪ್ಪತ್ತು ವರ್ಷ ತುಂಬಿತು. ಆ ಸಂಭ್ರಮಕ್ಕೆ ಅವರು ‘ಕನ್ನಡ ಟೆಲಿವಿಷನ್ನಿನ ಇಪ್ಪತ್ತು ಐತಿಹಾಸಿಕ ಕ್ಷಣಗಳು’ ಅಂತ ಒಂದು ಪಟ್ಟಿ ಮಾಡಿದರು. ಪಟ್ಟಿ ಮಾಡಿದವರೂ ಅವರೇ, ತೀರ್ಪು ಕೊಟ್ಟವರೂ ಅವರೇ ಆದ್ದರಿಂದ ಇಪ್ಪತ್ತರಲ್ಲಿ ಹದಿನೇಳು ಕ್ಷಣಗಳು ಅವರ ಚಾನೆಲ್ಲಿನವೇ ಆಗಿದ್ದವು. 2012ರಲ್ಲಿ ಪ್ರಳಯ ಆಗಿಯೇ ಆಗುತ್ತದೆ ಅಂತ ಹನ್ನೊಂದು ದಿನ ಜ್ಯೋತಿಷಿಗಳನ್ನು ಕೂರಿಸಿ ಹೆದರಿಸಿದ್ದು, ಹನ್ನೆರಡನೆಯ ದಿನ ಭೂಮಿ ಇದ್ದ ಹಾಗೇ ಇದ್ದಾಗ ಅದೇ ಜ್ಯೋತಿಷಿಗಳನ್ನು ಕರೆಸಿ ‘ಪ್ರಳಯ ತಪ್ಪಿಸಿದ ಮಹನೀಯರು’ ಅಂತ ಸನ್ಮಾನ ಮಾಡಿದ್ದು ಒಂದು ಐತಿಹಾಸಿಕ ಕ್ಷಣ. ಯಾರದೋ ಮದುವೆಯನ್ನು ಒಂಬತ್ತು ಗಂಟೆ ನೇರಪ್ರಸಾರ ಮಾಡಿ, ಊಟದೆಲೆಗೆ ಎಷ್ಟು ಬಗೆ ಪಲ್ಯ ಬಿತ್ತು ಅಂತ ತಜ್ಞರಿಂದ ವಿಶ್ಲೇಷಣೆ ಮಾಡಿಸಿದ್ದು ಇನ್ನೊಂದು. ಇಂಥವುಗಳ ನಡುವೆ ನಾಲ್ಕನೆಯ ಸ್ಥಾನದಲ್ಲಿ ‘ಮಲೆನಾಡಿನ ದಟ್ಟ ಕಾಡಿನಿಂದ ನಕ್ಸಲರ ಮೊಟ್ಟಮೊದಲ ನೇರಪ್ರಸಾರ, ಮೇ 2007’ ಅಂತ ಇತ್ತು.

ಆ ನಾಲ್ಕನೆಯ ಕ್ಷಣ ಕುಸುಮಾಳ ಅಪ್ಪ.

ಕುಸುಮಾ ಬಾಳೂರಿನ ಹತ್ತಿರ ಅಂಗನವಾಡಿ ಟೀಚರು. ಅಪ್ಪ ಗಿಡ್ಡಪ್ಪ ನಲವತ್ತು ವರ್ಷ ಕಾಫಿ ತೋಟದಲ್ಲಿ ದುಡಿದವನು. ಮಳೆಗಾಲಕ್ಕೆ ಮುಂಚೆ ಕಾಫಿ ಗಿಡಕ್ಕೆ ಔಷಧಿ ಹೊಡೆಯುವುದರಲ್ಲಿ ಸುತ್ತಮುತ್ತಲ ಎಸ್ಟೇಟುಗಳಲ್ಲೆಲ್ಲ ಅವನದು ಎತ್ತಿದ ಕೈ. ಔಷಧಿ ಅಂದರೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ನೀಲಿ ನೀರು. ಬಟ್ಟೆಗೆ ಒಮ್ಮೆ ತಾಗಿದರೆ ಜನ್ಮದಲ್ಲಿ ಹೋಗುವುದಿಲ್ಲ. ಅದಕ್ಕೇ ಆ ಕೆಲಸಕ್ಕೆ ಹೋಗುವವರು ಒಂದು ಜೊತೆ ಹಳೆ ಬಟ್ಟೆ ಬೇರೆ ಇಟ್ಟುಕೊಳ್ಳುತ್ತಾರೆ. ಕುದುರೆಮುಖದಲ್ಲಿ ಗಣಿ ಮುಚ್ಚಿದ ಮೇಲೆ ಅಲ್ಲಿಂದ ಖಾಲಿ ಮಾಡಿಕೊಂಡು ಹೋದವರ ಹಳೆ ಖಾಕಿ ಅಂಗಿಗಳು ಕಳಸದ ಸಂತೆಗೆ ಗಂಟುಗಟ್ಟಲೆ ಬಂದಿದ್ದವು. ಆ ವರ್ಷ ಗಿಡ್ಡಪ್ಪನ ಗ್ಯಾಂಗಿನ ಏಳು ಜನರೂ ಅದನ್ನೇ ಕೊಂಡು ಹಾಕಿಕೊಂಡಿದ್ದರು. ಖಾಕಿಯ ಮೇಲೆ ನೀಲಿ ಬಿದ್ದರೆ ಅದು ಎಂಥ ಹಸಿರಿಗೆ ತಿರುಗುತ್ತದೆ ಅಂತ ತೋಟ ನೋಡಿದ ಯಾರಿಗಾದರೂ ಗೊತ್ತು. ಮೇ ತಿಂಗಳ ಒಂದು ದಿನ ಹೆಗಲ ಮೇಲೆ ಔಷಧಿ ಹೊಡೆಯುವ ಉದ್ದನೆಯ ಕೊಳವೆ ಇಟ್ಟುಕೊಂಡು ಏಳು ಜನ ಸಾಲಾಗಿ ಇಳಿಜಾರು ಹತ್ತುತ್ತಿದ್ದರು.

ಎದುರಿನ ಬಂಡೆಯ ಮೇಲೆ ಯಶವಂತ ಅನ್ನುವ ವರದಿಗಾರ ಕ್ಯಾಮೆರಾದವನ ಜೊತೆ ಕೂತಿದ್ದ. ಮೂರು ದಿನದಿಂದ ಬಾಳೂರಿನಲ್ಲಿ ಠಿಕಾಣಿ ಹೂಡಿ, ಕೋಳಿ ಸಾರು ಕಡುಬು ತಿಂದು, ಒಬ್ಬ ನಕ್ಸಲನನ್ನೂ ನೋಡದೆ, ಆಫೀಸಿನಿಂದ ಗಂಟೆಗೊಮ್ಮೆ ಉಗಿಸಿಕೊಳ್ಳುತ್ತಿದ್ದ ಪ್ರಾಣಿ ಅದು. ಏಳು ಜನ ಕಂಡದ್ದೇ ತಡ, ಅವನ ಧ್ವನಿ ಪಿಸುಮಾತಿಗೆ ಇಳಿಯಿತು. ಅರ್ಧ ಮೈಲಿ ದೂರದಲ್ಲಿದ್ದವರಿಗೆ ಕೇಳಿಸಬಾರದು ಅಂತ ಪಿಸುಗುಟ್ಟಿದನಂತೆ, ಪುಣ್ಯಾತ್ಮ. “ನೋಡ್ತಾ ಇದ್ದೀರಿ ವೀಕ್ಷಕರೇ, ಹಸಿರು ಸಮವಸ್ತ್ರ, ಹೆಗಲ ಮೇಲೆ ಆಯುಧ…” ಎಲ್ಲರಿಗಿಂತ ಮುಂದಿದ್ದ ಗಿಡ್ಡಪ್ಪನ ತಲೆಯ ಸುತ್ತ ಸ್ಟುಡಿಯೋದವರು ಒಂದು ಕೆಂಪು ವೃತ್ತ ಬರೆದರು. ನಲವತ್ತು ನಿಮಿಷ ಅದನ್ನೇ ತೋರಿಸಿದರು.

ಮೊದಲ ಹತ್ತು ನಿಮಿಷ ಬಾಳೂರಿನವರು ಬಿದ್ದು ಬಿದ್ದು ನಕ್ಕರು. “ಅದು ನಮ್ಮ ಗಿಡ್ಡಪ್ಪ ಅಲ್ವನಾ ಮಾರಾಯ!” ಅಂದರು. ಅರ್ಧ ಗಂಟೆ ಆಗುವಷ್ಟರಲ್ಲಿ ನಗು ನಿಂತಿತು. ಒಂದು ಗಂಟೆಯ ಹೊತ್ತಿಗೆ, ಬೆಳಿಗ್ಗೆ ಅವನ ಜೊತೆ ಕೂತು ಚಾ ಕುಡಿದವರೇ, “ಒಳಗೊಳಗೆ ಎಂತ ಇತ್ತೋ, ಯಾರಿಗೆ ಗೊತ್ತು” ಅನ್ನತೊಡಗಿದರು. ತಮ್ಮ ಕಣ್ಣನ್ನು ನಂಬದ ಜನ, ಟಿವಿಯ ಕೆಂಪು ವೃತ್ತವನ್ನು ದೇವರಂತೆ ನಂಬಿದರು. ಕುಸುಮಾಳಿಗೆ ಆಗ ಹದಿನೆಂಟು. ಚಾನೆಲ್ಲಿನವರಿಗಿಂತ ಹೆಚ್ಚಾಗಿ ಊರಿನವರ ಮೇಲೆ ಅವಳಿಗೆ ಹೇಸಿಗೆ ಹುಟ್ಟಿದ್ದು ಆ ದಿನವೇ.

ಹೊರಗಿನಿಂದ ಬಂದಿದ್ದ ಪೊಲೀಸರು ಗಿಡ್ಡಪ್ಪನನ್ನು ಕರೆದುಕೊಂಡು ಹೋಗಿ ನಾಲ್ಕನೆಯ ದಿನ ಬಿಟ್ಟರು. ಬಂದ ಮೇಲೆ ಅವನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಏನಾಯಿತು ಅಂತ ಅವನು ಹೇಳಲಿಲ್ಲ. ಎಸ್ಟೇಟಿನ ಮಾಲೀಕರು ಬಸವರಾಜಪ್ಪನವರು, “ನಂಗೆ ಗೊತ್ತು ಗಿಡ್ಡಪ್ಪ, ನಿಂದು ಎಂತ ತಪ್ಪಿಲ್ಲ. ಆದ್ರೆ ಎಸ್ಟೇಟಿನ ಹೆಸರು ನೋಡ್ಬೇಕಲ್ಲ” ಅಂತ ಬಹಳ ಮರ್ಯಾದೆಯಿಂದ ಮಾತಾಡಿ, ಕೆಲಸದವರಿಗೆ ಕೊಡುವ ಲೈನ್ ಮನೆ ಖಾಲಿ ಮಾಡಿಸಿದರು. ಬಣಕಲ್ಲಿನ ಹುಡುಗನ ಜೊತೆ ನಿಶ್ಚಯವಾಗಿದ್ದ ಕುಸುಮಾಳ ಮದುವೆ ಮುರಿದುಬಿತ್ತು. ಯಶವಂತನಿಗೆ ಆ ವರ್ಷದ ಶ್ರೇಷ್ಠ ವರದಿಗಾರ ಪ್ರಶಸ್ತಿ ಬಂತು. ಅಂದಿನಿಂದ ಊರಿನಲ್ಲಿ ಗಿಡ್ಡಪ್ಪ ನಕ್ಸಲ್ ಗಿಡ್ಡಪ್ಪ ಆದ. ಸಿಟ್ಟಿನಿಂದ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಇನ್ನೊಬ್ಬ ಗಿಡ್ಡಪ್ಪ ಇದ್ದಾನಲ್ಲ, ಗುರುತಿಗೆ ಬೇಕು ಅಂತ ಕರೆಯುತ್ತಿದ್ದರು. ಕುಸುಮಾಳಿಗೆ ಅದೇ ಹೆಚ್ಚು ಉರಿಯುತ್ತಿತ್ತು. ಆಮೇಲೆ ಅವಳಿಗೆ ಬೇರೆ ಕಡೆ ಮದುವೆಯಾಯಿತು, ಮಗಳು ಹುಟ್ಟಿದಳು, ಮಗಳು ಶಾಲೆಗೂ ಹೋಗತೊಡಗಿದಳು. ಅಲ್ಲಿ ಯಾರೋ ಮೊಬೈಲಿನಲ್ಲಿ ಆ ಹಳೆ ವಿಡಿಯೋ ತೋರಿಸಿ, “ನಿನ್ನ ಅಜ್ಜ ಎಷ್ಟು ಜನರನ್ನ ಕೊಂದಿದಾರೆ?” ಅಂತ ಕೇಳಿದರು. ಅಪ್ಪ ಸಾಯುವುದರೊಳಗೆ ಈ ಹೆಸರನ್ನು ತೊಳೆಯಬೇಕು ಅಂತ ಕುಸುಮಾ ಅವತ್ತು ತೀರ್ಮಾನ ಮಾಡಿದಳು.

ಅಂಥ ಹೊತ್ತಿಗೆ, ಹತ್ತೊಂಬತ್ತು ವರ್ಷದ ಮೇಲೆ, ಯಶವಂತ ಮತ್ತೆ ಬಂದ.

ಈಗ ಅವನು ಚಾನೆಲ್ಲಿನ ಮುಖ್ಯ ಸಂಪಾದಕ. ಕೂದಲಿಗೆ ಕಪ್ಪು ಬಣ್ಣ, ಹೊಟ್ಟೆಗೆ ಒಂದಿಷ್ಟು ಗಾತ್ರ, ಮೈಮೇಲೆ ಹದಿನಾಲ್ಕು ಜೇಬಿನ ಕೋಟು. ಹದಿನಾಲ್ಕರಲ್ಲಿ ಒಂದರಲ್ಲೂ ಏನೂ ಇದ್ದಂತೆ ಕಾಣಲಿಲ್ಲ. ಬಂಡೆಯ ಮೇಲಿಂದ ನೇರಪ್ರಸಾರ ಮಾಡುವುದಕ್ಕೆ, ಆ ದಿನಗಳ ಭಯದ ಬಗ್ಗೆ ಚೆನ್ನಾಗಿ ಮಾತಾಡುವ ಒಬ್ಬ ಹೆಂಗಸು ಬೇಕಾಗಿತ್ತು. ಅಂಗನವಾಡಿ ಟೀಚರನ್ನು ಕೇಳಿ ಅಂತ ಯಾರೋ ಕಳಿಸಿದ್ದರು.

“ಮೇಡಂ, ಆ ಟೈಮಲ್ಲಿ ರಾತ್ರಿ ನಿದ್ದೆನೇ ಬರ್ತಿರ್ಲಿಲ್ಲ ಅಂತ ಒಂದೆರಡು ಮಾತು ಹೇಳಿದ್ರೆ ಸಾಕು” ಅಂದ.

“ಬರ್ತಿರ್ಲಿಲ್ಲ ಸರ್. ನೀವು ಮುಂದಿದ್ದವನ ತಲೆಗೆ ವೃತ್ತ ಹಾಕಿದ್ರಲ್ಲ, ಅವ್ರು ನಮ್ಮಪ್ಪ.”

ಇಷ್ಟು ಹೇಳಿದರೆ ಮನುಷ್ಯನ ಮುಖ ಸ್ವಲ್ಪವಾದರೂ ಕಪ್ಪಿಡುತ್ತದೆ ಅಂತ ಕುಸುಮಾ ಹತ್ತೊಂಬತ್ತು ವರ್ಷ ಅಂದುಕೊಂಡಿದ್ದಳು. ಯಶವಂತನ ಮುಖ ಅರಳಿತು.

“ಹೌದಾ! ಇನ್ನೂ ಇದ್ದಾರಾ ಅವ್ರು?”

“ಇದ್ದಾರೆ. ಅವತ್ತು ಅವ್ರು ಔಷಧಿ ಹೊಡೀಲಿಕ್ಕೆ ಹೋಗ್ತಾ ಇದ್ರು.”

“ಗೊತ್ತು ಮೇಡಂ. ಅವತ್ತು ಸಾಯಂಕಾಲನೇ ಗೊತ್ತಾಯ್ತು ನಮಗೆ. ಆದ್ರೆ ಅಷ್ಟೊತ್ತಿಗೆ ಸುದ್ದಿ ಹೋಗ್ಬಿಟ್ಟಿತ್ತಲ್ಲ, ಏನ್ ಮಾಡೋದು.” ಬಸ್ಸು ತಪ್ಪಿಹೋದದ್ದನ್ನು ಹೇಳಿದ ಹಾಗೆ ಹೇಳಿದ. ಅಂಗನವಾಡಿಯ ಮಕ್ಕಳು ಎದುರಿಗೆ ಕೂತು ಮೊಟ್ಟೆ ತಿನ್ನುತ್ತಿದ್ದವು. ಇಲ್ಲದಿದ್ದರೆ ಕುಸುಮಾ ಏನು ಮಾಡುತ್ತಿದ್ದಳೋ ಅವಳಿಗೇ ಗೊತ್ತಿಲ್ಲ.

“ಹಂಗಾದ್ರೆ ಅದನ್ನೇ ಹೇಳಿ ಟಿವೀಲಿ” ಅಂದಳು.

“ಸೂಪರ್ ಆಗುತ್ತೆ! ಹತ್ತೊಂಬತ್ತು ವರ್ಷದ ನಂತರ ಸತ್ಯ. ನಾನ್ಯಾಕೆ, ಅವ್ರೇ ಹೇಳ್ಲಿ, ಲೈವಲ್ಲಿ. ಪ್ರಾಮಿಸ್ ಮೇಡಂ.”

ಅವನನ್ನು ನಂಬಬಾರದು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಒಪ್ಪಿದಳು. ಟಿವಿಯಲ್ಲಿ ಕೆಟ್ಟ ಹೆಸರು ಟಿವಿಯಲ್ಲೇ ಸರಿಯಾಗಬೇಕು, ಈ ಊರಿನ ಜನ ಬೇರೆ ಯಾವುದನ್ನೂ ನಂಬುವ ಜಾತಿಯಲ್ಲ ಅನ್ನುವುದು ಅವಳ ಲೆಕ್ಕಾಚಾರ.

ಒಂದು ವಾರ ಅಪ್ಪನನ್ನು ಕೂರಿಸಿಕೊಂಡು ಪಾಠ ಹೇಳಿದಳು. “ನೋಡಪ್ಪ, ಅವ್ರು ಎಂತನೇ ಕೇಳ್ಲಿ, ನೀನು ಮೊದ್ಲು ಹೇಳ್ಬೇಕಾದ್ದು, ನಾವು ಔಷಧಿ ಹೊಡೀಲಿಕ್ಕೆ ಹೋಗಿದ್ದು ಅಂತ. ಆಮೇಲೆ ಬಾಕಿದ್ದು.”

“ಆಯ್ತು ಮಗಾ.”

“ಎಂತ ಹೇಳ್ತೀ, ಹೇಳು ನೋಡಾಣ?”

“ನಾವು ಔಷಧಿ ಹೊಡೀಲಿಕ್ಕೆ ಹೋಗಿದ್ದು.”

ಮೊಮ್ಮಗಳು ಚಮಚವನ್ನೇ ಮೈಕಿನಂತೆ ಹಿಡಿದು ಕೇಳಿದಾಗಲೂ ತಪ್ಪದೆ ಹೇಳಿದ. ಆದರೆ ಕುಸುಮಾ ಒಂದನ್ನು ಮರೆತಿದ್ದಳು. ಗಿಡ್ಡಪ್ಪ ನಲವತ್ತು ವರ್ಷ ಎಸ್ಟೇಟಿನಲ್ಲಿ ಬದುಕಿದವನು. ಸಾಹುಕಾರರು ಜೀಪು ನಿಲ್ಲಿಸಿ ಏನಾದರೂ ಕೇಳಿದರೆ, ಕೇಳಿದ್ದಕ್ಕಷ್ಟೇ ಉತ್ತರ. ಹೌದಾದರೆ ಹೌದಯ್ಯಾ, ಇಲ್ಲವಾದರೆ ಇಲ್ಲಯ್ಯಾ. ಕೇಳದ ಮಾತು ಒಂದು ಹೆಚ್ಚು ಆಡಿದರೆ ಅದು ಎದುರುವಾದ. ಮೇಸ್ತ್ರಿಗಳು ಹೊಸಬರಿಗೆ ಮೊದಲ ದಿನ ಕಲಿಸುವುದೇ ಇದನ್ನು. ಗಿಡದ ಚಿಗುರು ತೆಗೆಯುವುದನ್ನೂ ನೆರಳಿನ ಮರದ ಕೊಂಬೆ ಕಡಿಯುವುದನ್ನೂ ಆಮೇಲೆ ಕಲಿಸುತ್ತಾರೆ.

ನೇರಪ್ರಸಾರದ ದಿನ ಬಂಡೆಯ ಮೇಲೆ ಜಾತ್ರೆಯಷ್ಟು ಜನ. ನಕ್ಸಲ್ ಗಿಡ್ಡಪ್ಪ ಅಂತ ಹೆಸರಿಟ್ಟವರೇ ಇಸ್ತ್ರಿ ಅಂಗಿ ಹಾಕಿಕೊಂಡು ಕ್ಯಾಮೆರಾದ ಹಿಂದೆ ಮುಂದೆ ಸುಳಿಯುತ್ತಿದ್ದರು. ಬಸವರಾಜಪ್ಪನವರಿಗೆ ಕುರ್ಚಿ ಹಾಕಿದ್ದರು. ಅವರು ಗಿಡ್ಡಪ್ಪನನ್ನು ನೋಡಿ, “ಎಂತದೋ ಗಿಡ್ಡಪ್ಪ, ದೊಡ್ಡ ಜನ ಆದ್ಯಲ್ಲ” ಅಂದರು. ಗಿಡ್ಡಪ್ಪ ತಲೆಯ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಯಶವಂತ ಅವನಿಗೆ ಒಂದು ಶಾಲು ಹೊದಿಸಿದ, ಮೈಕು ಸಿಕ್ಕಿಸಿದ. ಮೇ ತಿಂಗಳ ಬಿಸಿಲಿನಲ್ಲಿ ಶಾಲು ಹೊದ್ದು ಮುದುಕ ಬೆವರುತ್ತಿದ್ದ. ತೆಗೆಯಬಹುದು ಅಂತ ಅವನಿಗೆ ಹೊಳೆಯಲಿಲ್ಲ.

ಬೆಂಗಳೂರಿನ ಸ್ಟುಡಿಯೋದಲ್ಲಿ ವರ್ಷಿಣಿ ಅನ್ನುವ ನಿರೂಪಕಿ ಕಣ್ಣರಳಿಸಿ ಕೂತಿರುವುದು ಒಂದು ಸಣ್ಣ ಟಿವಿಯಲ್ಲಿ ಕಾಣುತ್ತಿತ್ತು. ಯಶವಂತ ಗಂಟಲು ಸರಿಮಾಡಿಕೊಂಡು ಮತ್ತೆ ಅದೇ ಪಿಸುಮಾತು ಶುರುಮಾಡಿದ. ಈ ಸಲ ಯಾರಿಂದ ಅಡಗಿ ಪಿಸುಗುಟ್ಟುತ್ತಿದ್ದನೋ.

“ಯಜಮಾನ್ರೇ, ಅವತ್ತು ಇಡೀ ಕರ್ನಾಟಕ ನೋಡಿದ ಆ ದೃಶ್ಯದಲ್ಲಿ ಎಲ್ರಿಗಿಂತ ಮುಂದೆ ಇದ್ದ ವ್ಯಕ್ತಿ ಯಾರು?”

ಗಿಡ್ಡಪ್ಪ ಬಲಗಿವಿ ಮುಂದೆ ತಂದು ಕೇಳಿಸಿಕೊಂಡ. “ನಾನೇ ಅಯ್ಯಾ” ಅಂದ.

ಕುಸುಮಾ ಕ್ಯಾಮೆರಾದ ಪಕ್ಕದಿಂದ ಎರಡೂ ಕೈ ಬೀಸಿದಳು. ‘ಔಷಧಿ, ಔಷಧಿ’ ಅಂತ ಬಾಯಾಡಿಸಿದಳು. ಗಿಡ್ಡಪ್ಪ ಅವಳನ್ನು ನೋಡಿದ, ಆದರೆ ಯಶವಂತ ಆಗಲೇ ಮುಂದಿನ ಪ್ರಶ್ನೆ ಕೇಳುತ್ತಿದ್ದ.

“ನೀವೇ! ನಿಮ್ಮ ಹಿಂದೆ ಆರು ಜನ ಇದ್ರು?”

“ಹೌದಯ್ಯಾ.”

“ಅವ್ರಿಗೆಲ್ಲ ನೀವೇ ಮುಂದಾಳು?”

“ಹೌದಯ್ಯಾ. ಆ ವರ್ಷ ಹೌದು.”

“ಆಮೇಲೆ ಪೊಲೀಸರು ನಿಮ್ಮನ್ನ ಹಿಡಿದ್ರು.”

“ಹೌದಯ್ಯಾ.”

“ಕೇಳಿದ್ರಲ್ಲ ವರ್ಷಿಣಿ!” ಅಂದ ಯಶವಂತ, ಪಿಸುಮಾತು ಬಿಟ್ಟು ಕೂಗುತ್ತಾ. “ಹತ್ತೊಂಬತ್ತು ವರ್ಷದ ನಂತರ, ಅದೇ ಜಾಗದಲ್ಲಿ, ಅದೇ ವ್ಯಕ್ತಿ!” ವರ್ಷಿಣಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಒಂದು ಸಣ್ಣ ವಿರಾಮ ಅಂದಳು. ಬನಿಯನ್ನಿನ ಜಾಹೀರಾತು ಬಂತು.

“ವಿರಾಮ ಆದ್ಮೇಲೆ ಔಷಧಿ ವಿಷಯ ತಗೋಳ್ತೀವಿ ಮೇಡಂ” ಅಂದ ಯಶವಂತ.

ವಿರಾಮ ಆದ ಮೇಲೆ ಬಂದವರು ಸ್ಟುಡಿಯೋದಲ್ಲಿದ್ದ ಒಬ್ಬ ನಿವೃತ್ತ ಅಧಿಕಾರಿ. ಇಷ್ಟು ವರ್ಷ ಒಬ್ಬ ನಾಯಕ ಜನಸಾಮಾನ್ಯರ ನಡುವೆ ಹೇಗೆ ಅಡಗಿದ್ದ ಅಂತ ಅವರು ವಿವರಿಸುತ್ತಿದ್ದರು. ಕೆಳಗೆ ಕೆಂಪು ಪಟ್ಟಿಯಲ್ಲಿ ‘ನೇರಪ್ರಸಾರದಲ್ಲೇ ನಕ್ಸಲ್ ಮುಖಂಡನ ತಪ್ಪೊಪ್ಪಿಗೆ’ ಅಂತ ಓಡುತ್ತಿತ್ತು. ಬಂಡೆಯ ಮೇಲಿದ್ದ ಜನ ತಮ್ಮ ತಮ್ಮ ಮೊಬೈಲಿನಲ್ಲಿ ಅದನ್ನು ನೋಡಿದರು, ಆಮೇಲೆ ತಲೆ ಎತ್ತಿ ಹತ್ತು ಹೆಜ್ಜೆ ದೂರದಲ್ಲಿ ಶಾಲು ಹೊದ್ದು ಬೆವರುತ್ತಿದ್ದ ಗಿಡ್ಡಪ್ಪನನ್ನು ನೋಡಿದರು, ಮತ್ತೆ ಮೊಬೈಲ್ ನೋಡಿದರು. ಯಾವುದನ್ನು ನಂಬಿದರು ಅಂತ ಹೇಳಬೇಕಾಗಿಲ್ಲ. ಬಸವರಾಜಪ್ಪನವರು ಕುರ್ಚಿಯಿಂದ ಎದ್ದು, ಯಾರಿಗೂ ಹೇಳದೆ, ಜೀಪು ಹತ್ತಿಕೊಂಡು ಹೋದರು.

ಯಶವಂತ ವೈರು ಸುತ್ತಿಸುತ್ತಿದ್ದ. “ಸ್ಟುಡಿಯೋದವರ ತೀರ್ಮಾನ ಮೇಡಂ, ನನ್ನ ಕೈಯಲ್ಲಿ ಇಲ್ಲ” ಅಂದ.

“ಮುಖ್ಯ ಸಂಪಾದಕರು ನೀವೇ ಅಲ್ವಾ?”

“ಹೆಸರಿಗೆ ಮೇಡಂ” ಅಂತ ನಕ್ಕ. “ಬೇಜಾರ್ ಮಾಡ್ಕೋಬೇಡಿ. ನಾಳೆ ಅಪ್ಪನ್ನ ಕರ್ಕೊಂಡು ಸ್ಟುಡಿಯೋಗೆ ಬನ್ನಿ, ಕಾರು ಕಳಿಸ್ತೀವಿ. ಪೂರ್ತಿ ಒಂದು ಗಂಟೆ ಕೊಡ್ತೀವಿ ಸ್ಪಷ್ಟನೆಗೆ.”

ಕುಸುಮಾ ಅಪ್ಪನ ಹೆಗಲಿನಿಂದ ಶಾಲು ಎಳೆದು ಯಶವಂತನ ಕಾಲಿನ ಹತ್ತಿರ ಎಸೆದಳು. ಅವನು ಅದನ್ನು ಎತ್ತಿ ಧೂಳು ಕೊಡವಿ ಮಡಚಿ ಬ್ಯಾಗಿಗೆ ಹಾಕಿಕೊಂಡ. ಮುಂದಿನ ಊರಿನಲ್ಲಿ ಇನ್ನೊಬ್ಬರಿಗೆ ಹೊದಿಸಲು ಬೇಕಾಗುತ್ತದೆ.

ಮನೆಗೆ ಬಂದ ಮೇಲೆ ಕುಸುಮಾ, “ಒಂದು ವಾರ ಬಾಯಿಪಾಠ ಮಾಡ್ಸಿದ್ನಲ್ಲ, ಒಂದು ಮಾತು ಹೇಳ್ಳಿಕ್ಕೆ ಆಗ್ಲಿಲ್ವಾ ನಿಂಗೆ?” ಅಂತ ಕಿರುಚಿದಳು.

“ಅವ್ರು ಅದನ್ನ ಕೇಳ್ಳೇ ಇಲ್ವಲ್ಲ ಮಗಾ” ಅಂದ ಗಿಡ್ಡಪ್ಪ.

ಆ ಕ್ಷಣದಲ್ಲಿ ಅವಳಿಗೆ ಯಶವಂತನಿಗಿಂತ, ವರ್ಷಿಣಿಗಿಂತ, ಇಡೀ ಬಾಳೂರಿಗಿಂತ ಹೆಚ್ಚು ತಿರಸ್ಕಾರ ಬಂದದ್ದು ಅಪ್ಪನ ಮೇಲೆ. ಹೌದಯ್ಯಾ, ಹೌದಯ್ಯಾ ಅಂತ ಅಂದೇ ಬದುಕು ಮುಗಿಸಿದ ಈ ಮನುಷ್ಯನ ಹೆಸರು ತೊಳೆಯಲು ತಾನೇಕೆ ಸಾಯುತ್ತಿದ್ದೇನೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಪೊಲೀಸ್ ಜೀಪು ಬಂತು. ಇಳಿದವಳು ಭವ್ಯಾ ಅನ್ನುವ ಸಬ್‌ಇನ್ಸ್‌ಪೆಕ್ಟರು, ವರ್ಗವಾಗಿ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ನಿದ್ದೆಗೆಟ್ಟ ಮುಖ. “ಮೇಲಿನಿಂದ ಫೋನ್ ಮೇಲೆ ಫೋನ್ ಬರ್ತಾ ಇದೆ ಅಕ್ಕ. ಒಂದು ಹೇಳಿಕೆ ಬರ್ಕೊಂಡು ಕಳಿಸ್ತೀನಿ, ಅಷ್ಟೇ” ಅಂದಳು. ಗಿಡ್ಡಪ್ಪ ಯಾರೂ ಹೇಳದೆಯೇ ಒಳಗೆ ಹೋಗಿ, ಒಂದು ಪಂಚೆ, ಒಂದು ಅಂಗಿ, ಎಲೆಯಡಿಕೆ ಕವಳದ ಸಂಚಿ ಚೀಲಕ್ಕೆ ಹಾಕಿಕೊಂಡು ಬಂದ. “ಮೂರು ದಿನಕ್ಕೆ ಇಷ್ಟು ಸಾಕಲ್ಲ ಅಮ್ಮಾ?” ಅಂತ ಭವ್ಯಾಳನ್ನು ಕೇಳಿದ. ಅವಳಿಗೆ ಅರ್ಥವಾಗಲಿಲ್ಲ. ಕುಸುಮಾಳಿಗೆ ಅರ್ಥವಾಯಿತು. ಅವಳು ಚೀಲ ಕೈಗೆ ತೆಗೆದುಕೊಂಡು ಅವನಿಗಿಂತ ಮೊದಲು ಜೀಪು ಹತ್ತಿದಳು.

ಠಾಣೆಯಲ್ಲಿ ಅವನು ನೆಲದ ಮೇಲೆ ಕೂರಲು ಹೋದ. ಭವ್ಯಾ ಕುರ್ಚಿ ತೋರಿಸಿದಳು. ಮೊಬೈಲಿನಲ್ಲಿ ಆ ಹಳೆ ದೃಶ್ಯ ಹಾಕಿ ಅವನ ಮುಂದೆ ಹಿಡಿದಳು.

“ಅಜ್ಜ, ಮುಂದೆ ಇರೋದು ನೀವೇನಾ?”

“ಹೌದಮ್ಮಾ, ನಾನೇ.”

ಕುಸುಮಾ ನಡುವೆ ಮಾತಾಡಲು ಹೋದಳು. ಭವ್ಯಾ ತಡೆಯಿರಿ ಅನ್ನುವಂತೆ ಕೈ ತೋರಿಸಿ, ಬಗ್ಗಿ, ಆ ಸಣ್ಣ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

“ಹೆಗಲ ಮೇಲೆ ಇಟ್ಕೊಂಡಿರೋದು ಏನು ಇದು?”

ಗಿಡ್ಡಪ್ಪ ತಲೆಯೆತ್ತಿದ. ಅವಳನ್ನು ನೋಡಿದ. ಆಮೇಲೆ ಶುರುಮಾಡಿದ. ಅದು ಔಷಧಿ ಹೊಡೆಯುವ ಕೊಳವೆ, ಹಿತ್ತಾಳೆಯದು, ಎಸ್ಟೇಟಿನದು. ಔಷಧಿ ಅಂದರೆ ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೂರು ಲೀಟರ್ ನೀರು. ತುತ್ತವನ್ನು ಬೇರೆ ಡ್ರಮ್ಮಿನಲ್ಲಿ ಕರಗಿಸಬೇಕು, ಸುಣ್ಣ ಬೇರೆ. ಆಮೇಲೆ ತುತ್ತದ ನೀರನ್ನು ಸುಣ್ಣಕ್ಕೆ ಹೊಯ್ಯಬೇಕು, ಸುಣ್ಣವನ್ನು ತುತ್ತಕ್ಕೆ ಹೊಯ್ದರೆ ಕೆಟ್ಟಿತು. “ಕತ್ತಿ ಅದ್ದಿ ನೋಡ್ಬೇಕು ಅಮ್ಮಾ. ಕತ್ತಿ ಕೆಂಪಾದ್ರೆ ಸುಣ್ಣ ಸಾಲ್ದು ಅಂತ. ಹಂಗೇ ಹೊಡೆದ್ರೆ ಗಿಡದ ಎಲೆ ಸುಟ್ಟು ಹೋಗ್ತದೆ. ನಾನು ಕಲಸಿದ್ದು ಒಂದು ದಿನಾನೂ ಎಲೆ ಸುಟ್ಟದ್ದಿಲ್ಲ.” ಅವತ್ತು ತೋಟದ ಮೇಲುಭಾಗದ ಪಟ್ಟೆ ಮುಗಿಸಬೇಕಿತ್ತು. ಮೋಡ ಬಂದಿತ್ತು, ಮಳೆ ಬಿದ್ದರೆ ಹೊಡೆದದ್ದೆಲ್ಲ ತೊಳೆದು ಹೋಗುತ್ತದೆ ಅಂತ ಬೇಗ ಬೇಗ ನಡೆಯುತ್ತಿದ್ದರು. ಹಿಂದಿದ್ದ ಆರು ಜನರ ಹೆಸರು ಹೇಳಿದ. ಅವರಲ್ಲಿ ನಾಲ್ಕು ಜನ ಈಗ ಇಲ್ಲ ಅಂದ. ಮೂರು ದಿನ ಎಲ್ಲಿ ಇಟ್ಟಿದ್ದರು, ಕಿವಿಯ ಮೇಲೆ ಯಾವ ಕೈಯಿಂದ ಹೊಡೆದರು, ಎಷ್ಟು ಸಲ, ಅದನ್ನೂ ಹೇಳಿದ. ಅವನು ಹೇಳುತ್ತಾ ಹೋದ ಹಾಗೆ ಭವ್ಯಾ ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದಳು. ಅವನು ಒಂದೊಂದಕ್ಕೂ ಉತ್ತರ ಕೊಟ್ಟ.

ಕುಸುಮಾ ಗೋಡೆಗೆ ಒರಗಿ ಕೂತಿದ್ದಳು. ಅವಳಿಗೆ ವಿಪರೀತ ನಾಚಿಕೆಯಾಯಿತು. ಇಡೀ ರಾಜ್ಯಕ್ಕೆ ಛೀಮಾರಿ ಹಾಕುತ್ತಾ ಹತ್ತೊಂಬತ್ತು ವರ್ಷ ಕಳೆದ ತಾನು, ಅಪ್ಪ ಏನು ಹೇಳಬೇಕು ಅಂತ ಅವನಿಗೆ ಕಲಿಸಿದ್ದಳೇ ಹೊರತು, ಏನಾಯಿತು ಅಂತ ಒಂದು ಸಲವೂ ಎದುರಿಗೆ ಕೂತು ಕೇಳಿರಲಿಲ್ಲ. ಹತ್ತು ಜನರ ಮೇಲೆ ಹಂಚಿದ್ದ ತಿರಸ್ಕಾರದಲ್ಲಿ ತನ್ನ ಪಾಲು ತನಗೆ ಬರಬೇಕಾದದ್ದು ನ್ಯಾಯವೇ ಅನ್ನಿಸಿತು.

ಬರೆದದ್ದು ನಾಲ್ಕು ಹಾಳೆಯಾಯಿತು. ಭವ್ಯಾ ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಿದಳು. ತುತ್ತ ಮತ್ತು ಸುಣ್ಣದ ಲೆಕ್ಕ ಬಂದಾಗ ಗಿಡ್ಡಪ್ಪ ಒಂದು ಕಡೆ ತಿದ್ದಿಸಿದ. ಸಹಿ ಹಾಕುವ ಮುಂಚೆ ಪೆನ್ನು ಹಿಡಿದುಕೊಂಡು ಕೇಳಿದ.

“ಅಮ್ಮಾ, ಇದನ್ನ ಟಿವೀಲಿ ಹಾಕ್ತಾರಾ?”

ಭವ್ಯಾ ಕುಸುಮಾಳ ಮುಖ ನೋಡಿದಳು. ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

“ಇಲ್ಲ ಅಜ್ಜ. ಇದನ್ನ ಯಾರೂ ಹಾಕಲ್ಲ.”

“ಹಂಗಾದ್ರೆ ಸರಿ” ಅಂತ ಗಿಡ್ಡಪ್ಪ ಸಹಿ ಹಾಕಿದ.